ಗೋಪಿನಾಥನ ಬಲಗಾಲಿನ ಗೇರು

ಮೋಟರ್‌ಸೈಕಲ್ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಇಡೀ ವರ್ಜೀನಿಯಾ ರಾಜ್ಯದಲ್ಲೇ ಇಲ್ಲವೆಂದು ಗೋಪಿನಾಥ ಒಂದು ಭಾನುವಾರ ಬೆಳಿಗ್ಗೆ, ನಾಲ್ಕನೆಯ ಇಡ್ಲಿಯ ಹೊತ್ತಿಗೆ ಘೋಷಿಸಿದ. ಘೋಷಣೆಯನ್ನು ಕೇಳಿದವರು ಇಬ್ಬರೇ: ಹೆಂಡತಿ ನಮ್ರತಾ, ಮಗಳು ನಿಧಿ. ಕೇಳಿದರು ಎಂದೇನೂ ಹೇಳುವಂತಿಲ್ಲ. ಒಬ್ಬಳು ಚಟ್ನಿ ಬಡಿಸುತ್ತಿದ್ದಳು, ಇನ್ನೊಬ್ಬಳು ಫೋನ್ ನೋಡುತ್ತಿದ್ದಳು.

ವಿಷಯ ಎತ್ತಿದ್ದು ನಿಧಿಯೇ. ಇಪ್ಪತ್ತೊಂದರ ಹುಡುಗಿ, ಕಾಲೇಜು ಮುಗಿಸಿದ್ದಾಳೆ, ಆಗಸ್ಟಿನಲ್ಲಿ ಪಕ್ಕದ ರಾಜ್ಯದ ರಾಲಿ ನಗರದಲ್ಲಿ ಕೆಲಸಕ್ಕೆ ಸೇರಬೇಕು. ಅಷ್ಟರೊಳಗೆ ಮೋಟರ್‌ಸೈಕಲ್ ಲೈಸೆನ್ಸ್ ತೆಗೆದುಕೊಳ್ಳುತ್ತೇನೆ ಎಂದಳು.

"ಟೂ ವೇಸ್ ಇದೆ ಅಪ್ಪಾ. ಒಂದು, ವೀಕೆಂಡ್ ಕೋರ್ಸ್. ಟೂ ಡೇಸ್. ಪಾಸ್ ಆದ್ರೆ ಡಿಎಂವಿ ಆಫೀಸಲ್ಲಿ ಲೈಸೆನ್ಸಿಗೆ ರೋಡ್ ಟೆಸ್ಟ್ ಇಲ್ಲ. ಇನ್ನೊಂದು, ಲರ್ನರ್ಸ್ ಪರ್ಮಿಟ್ ತಗೊಂಡು ಮನೇಲೇ ಪ್ರಾಕ್ಟೀಸ್ ಮಾಡಿ, ಡಿಎಂವಿಗೆ ಹೋಗಿ ಟೆಸ್ಟ್ ಕೊಡೋದು. ನಾನು ಕೋರ್ಸ್ ಮಾಡ್ತೀನಿ."

"ಕೋರ್ಸಾ!" ಗೋಪಿನಾಥನ ಕೈಯಲ್ಲಿದ್ದ ಇಡ್ಲಿ ಸಾಂಬಾರಿಗೆ ಬಿತ್ತು. "ಮನೇಲೇ ಪ್ರೊಫೆಸರ್ ಇರ್ಬೇಕಾದ್ರೆ ಕೋರ್ಸ್ ಯಾಕಮ್ಮ? ಪರ್ಮಿಟ್ ತಗೋ. ನಾನು ಕಲಿಸ್ತೀನಿ. ಪ್ರತಿ ಶನಿವಾರ, ಆಗಸ್ಟ್‌ವರೆಗೂ!"

"ಯಾವ ಪ್ರೊಫೆಸರ್ ರೀ?" ಎಂದಳು ನಮ್ರತಾ.

"ನಾನೇ ಕಣೇ! ಹದಿನೈದನೇ ವಯಸ್ಸಿಗೇ ನಮ್ಮ ಸೋದರಮಾವನ ಬೈಕ್ ಹತ್ತಿದೋನು ನಾನು. ಚಾಮುಂಡಿ ಬೆಟ್ಟ ಹತ್ತಿ ಇಳಿದಿದೀನಿ. ಲೈಸೆನ್ಸ್ ಟೆಸ್ಟಲ್ಲಿ ಎಂಟು ಹಾಕಿದ್ದನ್ನ ನೋಡಿ ಜನ ಚಪ್ಪಾಳೆ ಹೊಡೆದ್ರು."

"ಆ ಎಂಟು ಹಾಕಿದ್ದು ನಿಮ್ಮ ಭಾವ ಹರಿಪ್ರಸಾದ. ಹೆಲ್ಮೆಟ್ ಹಾಕ್ಕೊಂಡು, ನಿಮ್ಮ ಶರ್ಟ್ ಹಾಕ್ಕೊಂಡು. ಮದುವೆಯಾದ ಹೊಸದ್ರಲ್ಲಿ ನೀವೇ ಹೇಳಿದ್ರಿ."

ಗಂಡಂದಿರು ಮದುವೆಯಾದ ಹೊಸತರಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಈ ಸತ್ಯ ಗೋಪಿನಾಥನಿಗೆ ಹೊಳೆಯಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು.

ಆದರೂ ಅವನು ಪಟ್ಟು ಬಿಡಲಿಲ್ಲ. ಅದಕ್ಕೆ ಕಾರಣವಿತ್ತು. ನಿಧಿ ಕೊನೆಯದಾಗಿ ಅಪ್ಪನಿಂದ ಕೇಳಿ ಕಲಿತದ್ದು ಎರಡನೇ ಕ್ಲಾಸಿನಲ್ಲಿ, ಏಳರ ಮಗ್ಗಿ. ಆಮೇಲೆ ಅವಳಿಗೆ ಎಲ್ಲವನ್ನೂ ಫೋನೇ ಹೇಳಿಕೊಟ್ಟಿತು. ಗೋಪಿನಾಥನಿಗೆ ಅವಳಿಂದ ಈಗ ಬರುವ ಪ್ರಶ್ನೆ ಒಂದೇ: "ಅಪ್ಪಾ, ವೈಫೈ ರೀಸ್ಟಾರ್ಟ್ ಮಾಡಿದ್ಯಾ?" ಇನ್ನು ನಾಲ್ಕು ತಿಂಗಳಿಗೆ ಅವಳು ಹೊರಟುಹೋಗುತ್ತಾಳೆ. ಅಷ್ಟರೊಳಗೆ ಒಂದೇ ಒಂದು ವಿದ್ಯೆಯನ್ನಾದರೂ ಮಗಳು ತನ್ನಿಂದ ಕಲಿಯಬೇಕು, ಶನಿವಾರಗಳನ್ನು ತನ್ನ ಜೊತೆ ಕಳೆಯಬೇಕು ಎಂದು ಅವನ ಜೀವ ಹಾತೊರೆಯುತ್ತಿತ್ತು. ಇದನ್ನು ನೇರವಾಗಿ ಹೇಳುವ ಬದಲು ಅವನು ಚಾಮುಂಡಿ ಬೆಟ್ಟ ಹತ್ತಿ ಇಳಿಯುತ್ತಿದ್ದ, ಅಷ್ಟೆ.

"ಓಕೆ ಅಪ್ಪಾ, ಡೀಲ್," ಎಂದಳು ನಿಧಿ. "ಫಸ್ಟ್ ನೀನು ಓಡಿಸಿ ತೋರಿಸು. ಚೆನ್ನಾಗಿ ಓಡಿಸಿದ್ರೆ ನೀನೇ ನನ್ನ ಟೀಚರ್. ಇಲ್ಲಾಂದ್ರೆ ಕೋರ್ಸ್."

"ಇವತ್ತೇ ತೋರಿಸ್ತೀನಿ!"

ಪ್ರದರ್ಶನಕ್ಕೆ ಬೈಕು ಬೇಕಲ್ಲ? ಅವರಿದ್ದ ಹರ್ನ್‌ಡನ್ ಊರಿನ ಟೌನ್‌ಹೌಸ್ ಸಾಲಿನಲ್ಲಿ ಮೂರು ಮನೆಯಾಚೆ ತಜಮ್ಮುಲ್ ಇದ್ದ. ಅವನೂ ಮೈಸೂರಿನವನೇ, ಮಂಡಿ ಮೊಹಲ್ಲಾದವನು. ಹೊಸ ಕೆಂಪು ಬೈಕನ್ನು ದಿನವೂ ಒರೆಸಿ ಒರೆಸಿ ಅದರಲ್ಲೇ ಮುಖ ನೋಡಿಕೊಳ್ಳುತ್ತಿದ್ದ.

"ಗೋಪಿ, ನಿನ್ನತ್ರ ಬೈಕ್ ಲೈಸೆನ್ಸ್ ಇಲ್ವಲ್ಲ?" ಎಂದ ತಜಮ್ಮುಲ್.

"ರೋಡಿಗೆ ಹೋಗಲ್ಲ ಮಾರಾಯ. ಇಲ್ಲೇ ಪಾರ್ಕಿಂಗ್ ಲಾಟಲ್ಲಿ ಒಂದು ರೌಂಡು. ಮಗಳ ಮುಂದೆ ಮರ್ಯಾದೆ ಪ್ರಶ್ನೆ!"

ಹೆಣ್ಣುಮಕ್ಕಳ ತಂದೆಯರು ಪರಸ್ಪರ ಇಷ್ಟು ಕೇಳಿಕೊಂಡರೆ ಇಲ್ಲವೆನ್ನಲಾಗದು. ತಜಮ್ಮುಲ್ ಬೀಗದ ಕೈ ಕೊಟ್ಟ, ಜೊತೆಗೆ ಒಂದು ನಿಟ್ಟುಸಿರನ್ನೂ ಕೊಟ್ಟ.

ಇಲ್ಲಿ ಒಂದು ಸಣ್ಣ ತಾಂತ್ರಿಕ ವಿಷಯ ಹೇಳಲೇಬೇಕು. ಗೋಪಿನಾಥನ ಸೋದರಮಾವನ ಬೈಕು ಹಳೇ ಕಾಲದ್ದು. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹ್ಯಾಂಡಲಿನಲ್ಲಿ ಮುಂದಿನ ಚಕ್ರದ ಬ್ರೇಕ್ ಒಂದಿತ್ತು, ಆದರೆ ಅದು ಅಲಂಕಾರಕ್ಕೆ ಮಾತ್ರ. ಈಗಿನ ಬೈಕುಗಳಲ್ಲಿ ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ಇದು ಗೋಪಿನಾಥನ ತಲೆಗೆ ಚೆನ್ನಾಗಿ ಗೊತ್ತಿತ್ತು. ಕಾಲುಗಳಿಗೆ ಯಾರೂ ತಿಳಿಸಿರಲಿಲ್ಲ!

ತಜಮ್ಮುಲ್ಲನೇ ಮೊದಲ ಗೇರಿಗೆ ಹಾಕಿ ಕೊಟ್ಟ. ಗೋಪಿನಾಥ ಹೆಲ್ಮೆಟ್ ಏರಿಸಿ, ದಂಡಯಾತ್ರೆಗೆ ಹೊರಟ ಮಹಾರಾಜನ ಗತ್ತಿನಲ್ಲಿ ಕ್ಲಚ್ ಬಿಟ್ಟ. ಬೈಕು ಸಲೀಸಾಗಿ ಹೊರಟಿತು. ನಿಧಿ "ವಾವ್ ಅಪ್ಪಾ!" ಎಂದಳು. ಹತ್ತು ವರ್ಷಗಳಲ್ಲಿ ಕೇಳಿದ ಮೊದಲ ವಾವ್! ಆ ಉಬ್ಬಿನಲ್ಲಿ ಗೋಪಿನಾಥ ಎರಡನೇ ಗೇರಿಗೆ ಹಾಕಲು ಬಲಗಾಲು ಒತ್ತಿದ. ಬೈಕು ಗಕ್ಕನೆ ನಿಂತಿತು. ಗೋಪಿನಾಥನ ಹೊಟ್ಟೆ ಟ್ಯಾಂಕಿನ ಮೇಲೆ ಹೋಗಿ ಕೂತಿತು.

"ಟೆಸ್ಟಿಂಗ್! ಬ್ರೇಕ್ ಟೆಸ್ಟಿಂಗ್!" ಎಂದು ಕೂಗಿದ.

ಮತ್ತೆ ಹೊರಟ. ಈ ಸಲ ಗೇರಿನ ಗೊಡವೆಗೆ ಹೋಗಲಿಲ್ಲ, ಎಕ್ಸಲರೇಟರ್ ಮಾತ್ರ ತಿರುವಿದ. ಪಾರ್ಕಿಂಗ್ ಲಾಟಿನ ತುದಿ ಬಂತು. ವಸಂತದ ದಿನಗಳು, ಗಿಡಗಳ ಬುಡಕ್ಕೆ ಹರಡಲೆಂದು ಮರದ ಹೊಟ್ಟಿನ ದೊಡ್ಡ ರಾಶಿಯನ್ನು ಅಲ್ಲಿ ತಂದು ಸುರಿದಿದ್ದರು. ನಿಲ್ಲಿಸಬೇಕೆಂದು ಎಡಗಾಲು ಒತ್ತಿದ. ಬೈಕು ನಿಲ್ಲಲಿಲ್ಲ. ಇನ್ನೂ ಬಲವಾಗಿ ಒತ್ತಿದ. ಬೈಕಿಗೆ ಇದು ತನಗೆ ಸಂಬಂಧಪಟ್ಟ ವಿಷಯ ಎಂದೇ ಅನ್ನಿಸಲಿಲ್ಲ. ಕೊನೆಗೆ ತನ್ನ ಮೈಸೂರಿನ ಸಂಸ್ಕಾರಕ್ಕೆ ತಕ್ಕಂತೆ ಹಾರ್ನ್ ಬಾರಿಸಿದ. ಹೊಟ್ಟಿನ ರಾಶಿ ಪಕ್ಕಕ್ಕೆ ಸರಿಯಲಿಲ್ಲ!

ಬೈಕಿಗೆ ಏನೂ ಆಗಲಿಲ್ಲ, ಮೆತ್ತಗೆ ಒರಗಿ ನಿಂತಿತು. ಗೋಪಿನಾಥನಿಗೂ ಏನೂ ಆಗಲಿಲ್ಲ. ಅವನನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೆ.

"ಅಪ್ಪಾ! ಆರ್ ಯೂ ಓಕೆ?" ನಿಧಿ ಓಡಿ ಬಂದಳು. ತಜಮ್ಮುಲ್ಲನೂ ಓಡಿ ಬಂದ, ಬೈಕಿನ ಕಡೆಗೆ. ನಮ್ರತಾ ಮಾತ್ರ ಓಡಲಿಲ್ಲ. ವಿಡಿಯೋ ಅಲುಗಾಡಬಾರದಲ್ಲ!

"ರೀ, ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದೀನಿ," ಎಂದಳು ಆಮೇಲೆ, ಅವನ ಕಿವಿಯಿಂದ ಹೊಟ್ಟು ತೆಗೆಯುತ್ತಾ. "ನಿಮ್ಮ ಹರಿಪ್ರಸಾದ ಭಾವ ರಿಪ್ಲೈ ಮಾಡಿದಾರೆ. 'ಈ ಸಲ ನನ್ನ ಕರೀಬಾರದಿತ್ತಾ?' ಅಂತೆ."

ಒಪ್ಪಂದ ಒಪ್ಪಂದವೇ. ನಿಧಿ ಕೋರ್ಸಿಗೆ ಹೆಸರು ಹಚ್ಚಿದಳು. ಗೋಪಿನಾಥ ಎರಡು ದಿನ ಅನ್ನ ಕಲಸುತ್ತಾ ಕೂತು, ಮೂರನೇ ದಿನ ಗುಟ್ಟಾಗಿ ತನ್ನ ಹೆಸರನ್ನೂ ಹಚ್ಚಿದ. ಗುರುವಾಗದಿದ್ದರೆ ಬೇಡ, ಸಹಪಾಠಿಯಾಗಿ ಅವಳನ್ನು ಮೀರಿಸಿ ತೋರಿಸಿದರೆ, ಆಗಲಾದರೂ ಅವಳು "ಅಪ್ಪಾ, ಅದನ್ನ ಹೇಗೆ ಮಾಡ್ದೆ?" ಎಂದು ಕೇಳುವುದಿಲ್ಲವೇ?

ಕೋರ್ಸಿನ ಕೋಚ್ ಬೆಳ್ಳಿ ಜಡೆಯ ಒಬ್ಬ ಅಜ್ಜಿ. ಆಕೆಯ ಎತ್ತರ ಬೈಕಿನಷ್ಟು, ಧ್ವನಿ ಲಾರಿಯಷ್ಟು.

"ಮೊದಲು ಬೈಕ್ ಓಡಿಸಿದವರು ಯಾರಾದರೂ ಇದ್ದೀರಾ?" ಎಂದು ಕೇಳಿದರು.

ಗೋಪಿನಾಥ ಎರಡೂ ಕೈ ಎತ್ತಿದ.

"ಅಯ್ಯೋ ಪಾಪ," ಎಂದರು ಕೋಚ್. "ಏನೂ ಗೊತ್ತಿಲ್ಲದವರಿಗೆ ಕಲಿಸೋಕೆ ನನಗೆ ಎರಡು ದಿನ ಸಾಕು. ಗೊತ್ತಿರೋರಿಗೆ ಸಾಲೋದಿಲ್ಲ."

ಹಾಗೇ ಆಯಿತು. ಏನೂ ಗೊತ್ತಿಲ್ಲದ ನಿಧಿ ಹೇಳಿದ್ದನ್ನು ಹೇಳಿದಂತೆ ಮಾಡಿದಳು. ಎಲ್ಲ ಗೊತ್ತಿದ್ದ ಗೋಪಿನಾಥ, ದಾರಿಯ ಗುರುತಿಗೆ ಇಟ್ಟಿದ್ದ ಪ್ರತಿ ಕೋನಿನ ಹತ್ತಿರವೂ ಹಾರ್ನ್ ಹೊಡೆದ.

"ಸರ್, ಅದು ಪ್ಲಾಸ್ಟಿಕ್ ಕೋನ್. ಅದಕ್ಕೆ ಕಿವಿ ಇಲ್ಲ!"

"ಸೇಫ್ಟಿ ಮೇಡಂ, ಸೇಫ್ಟಿ!"

ಭಾನುವಾರ ಮಧ್ಯಾಹ್ನ ಪರೀಕ್ಷೆ. ಮೊದಲನೆಯದೇ, ನೆಲದ ಮೇಲೆ ಬರೆದ ಚೌಕದೊಳಗೆ ಕಾಲು ಊರದೆ ಎಂಟು ಹಾಕುವುದು! ಗೋಪಿನಾಥ ಮನಸ್ಸಿನಲ್ಲೇ ಹರಿಪ್ರಸಾದನನ್ನು ನೆನೆದು ಒಳಗೆ ನುಗ್ಗಿದ. ಹನ್ನೊಂದು ಸಲ ಕಾಲೂರಿದ. ಅದನ್ನು ಬೈಕ್ ಓಡಿಸಿದ್ದು ಎನ್ನುವುದಕ್ಕಿಂತ ಬೈಕನ್ನು ವಾಕಿಂಗ್ ಕರೆದುಕೊಂಡು ಹೋದದ್ದು ಎನ್ನಬಹುದು. ಕೊನೆಯದು, ವೇಗವಾಗಿ ಬಂದು ಥಟ್ಟನೆ ನಿಲ್ಲಿಸುವುದು. ಗೋಪಿನಾಥ ವೇಗವಾಗಿ ಬಂದ. ಆ ಅರ್ಧ ಭಾಗವನ್ನು ಅಚ್ಚುಕಟ್ಟಾಗಿಯೇ ಮಾಡಿದ. ನಿಲ್ಲಿಸಿ ಎಂದು ಕೋಚ್ ಕೈ ಇಳಿಸಿದರು, ಗೋಪಿನಾಥನ ಎಡಗಾಲು ಒತ್ತಿತು. ಅವನು ಗೆರೆ ದಾಟಿ, ಕೋನ್ ದಾಟಿ, ಅಜ್ಜಿ ಪಕ್ಕಕ್ಕೆ ಜಿಗಿದ ಜಾಗವನ್ನೂ ದಾಟಿ, ಹುಲ್ಲಿನ ಮೇಲೆ ಸುಸ್ತಾಗಿ ನಿಂತ.

ನಿಧಿ ಪಾಸಾದಳು, ತರಗತಿಗೇ ಮೊದಲು. ಗೋಪಿನಾಥನ ಅಂಕಗಳನ್ನು ಕೋಚ್ ಜೋರಾಗಿ ಹೇಳಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯ ಹೆಂಗಸು.

ಅವನ ಮುಖ ಬಾಡಿದ್ದನ್ನು ನೋಡಿ ಆಕೆ ಹತ್ತಿರ ಬಂದರು. "ಬೇಜಾರು ಮಾಡ್ಕೋಬೇಡಿ. ಇನ್ನೊಂದು ದಾರಿ ಇದೆ. ಪರ್ಮಿಟ್ ತಗೊಳ್ಳಿ, ಮನೆ ಹತ್ತಿರ ಪ್ರಾಕ್ಟೀಸ್ ಮಾಡಿ, ಡಿಎಂವಿಯಲ್ಲಿ ಟೆಸ್ಟ್ ಕೊಡಿ."

ಗೋಪಿನಾಥ ಚಿಗುರಿಬಿಟ್ಟ! "ಕೇಳಿಸ್ತಾ ನಿಧಿ? ನಾನು ಮೊದ್ಲೇ ಹೇಳಿದ್ದೆ! ಅದೇ ಸರಿಯಾದ ದಾರಿ!"

"ಒಂದೇ ಒಂದು ಷರತ್ತು," ಎಂದರು ಕೋಚ್. "ನೀವು ಓಡಿಸುವಾಗ ಬೈಕ್ ಲೈಸೆನ್ಸ್ ಇರುವ ದೊಡ್ಡವರೊಬ್ಬರು ಕಣ್ಣಿಟ್ಟಿರಬೇಕು. ನಿಮ್ಮ ಮನೆಯಲ್ಲಿ ಅಂಥವರು ಯಾರಾದರೂ ಇದ್ದಾರಾ?"

ಗೋಪಿನಾಥ ಬೆರಳು ಮಡಚಿ ಮನೆಯವರನ್ನು ಎಣಿಸತೊಡಗಿದ. ಪಕ್ಕದಲ್ಲಿ ನಿಧಿ ಮೆಲ್ಲಗೆ ಕೈ ಎತ್ತಿದಳು.

"ಡೋಂಟ್ ವರಿ ಅಪ್ಪಾ. ನಾನು ಕಲಿಸ್ತೀನಿ. ಎವ್ರಿ ಸ್ಯಾಟರ್ಡೇ, ಆಗಸ್ಟ್‌ವರೆಗೂ."

ಅವನ ಪರ್ಮಿಟ್ ಬಂದ ಮೇಲಿನ ಮೊದಲ ಶನಿವಾರ ಪಾರ್ಕಿಂಗ್ ಲಾಟಿನಲ್ಲಿ ಪಾಠ ಶುರುವಾಯಿತು. ತಜಮ್ಮುಲ್ ಬೈಕು ಕೊಟ್ಟ, ಆದರೆ ಬೀಗದ ಕೈ ಕೊಟ್ಟದ್ದು ನಿಧಿಯ ಕೈಗೆ. ಅವಳು ಅದನ್ನು ಜೇಬಿಗಿಳಿಸಿದಳು. ಎಂಜಿನ್ ಇವತ್ತು ಬೇಡವಂತೆ. ಗೋಪಿನಾಥ ನಿಂತ ಬೈಕಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂರಬೇಕು, ಅವಳು "ಗೇರ್" ಎಂದಾಗ ಎಡಗಾಲು, "ಬ್ರೇಕ್" ಎಂದಾಗ ಬಲಗಾಲು ಆಡಿಸಬೇಕು. ತಪ್ಪಿಲ್ಲದೆ ಹತ್ತು ಸಲ. ತಪ್ಪಿದರೆ ಮತ್ತೆ ಮೊದಲಿನಿಂದ.

ನಮ್ರತಾ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದಳು. ನಾಚಿಕೆಯಿಂದ ಗೋಪಿನಾಥನ ಕಿವಿ ಬಿಸಿಯಾಗಿತ್ತು. ಆದರೆ ಹೆಲ್ಮೆಟ್ಟಿನೊಳಗೆ, ಯಾರಿಗೂ ಕಾಣದಂತೆ, ಅವನು ನಗುತ್ತಿದ್ದ. ಮಗಳು ಒಂದು ಗಂಟೆಯಿಂದ ಫೋನ್ ಮುಟ್ಟಿರಲಿಲ್ಲ. ಈ ಪಾಠ ಬೇಗ ಮುಗಿದುಹೋದರೆ ಏನು ಗತಿ? ಒಂಬತ್ತರವರೆಗೂ ಸರಿಯಾಗಿ ಮಾಡಿ, ಹತ್ತನೆಯದನ್ನು ಬೇಕೆಂದೇ ತಪ್ಪಿಸಿಬಿಡುವುದು ಎಂದು ಅವನು ಭಾರೀ ಉಪಾಯ ಹೂಡಿದ್ದ.

ಆ ಶ್ರಮವೇ ಬೇಕಾಗಲಿಲ್ಲ.

"ಅಪ್ಪಾ!" ನಿಧಿ ಮೂರನೆಯದಕ್ಕೇ ಕಿರುಚಿದಳು. "ನಾಟ್ ದಟ್ ಕಾಲು! ಮತ್ತೆ ಫಸ್ಟಿಂದ!"