ಹೆಜ್ಜೆ ತಪ್ಪುವ ನನ್ನ ಹೃದಯಕ್ಕೆ, ಭಾನುವಾರದ ಸಭೆಯ ಕುರಿತು

ಕೊಪ್ಪ, ನವೆಂಬರ್ ೨೦೦೭

ಎಡಪಕ್ಕೆಯ ಕೊಠಡಿಯಲ್ಲಿ, ಒಂದು ದಿನವೂ ರಜೆ ಕೇಳದೆ ನನ್ನ ಜನ್ಮದಿಂದಲೂ ದುಡಿಯುತ್ತಿರುವ ಮಾನ್ಯ ಹೃದಯ ಮಹಾಶಯರ ಸನ್ನಿಧಿಗೆ, ನಿವೃತ್ತ ಕನ್ನಡ ಅಧ್ಯಾಪಕ ಶಂಕರನಾರಾಯಣನು ಸಲ್ಲಿಸುವ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ಶಿವಮೊಗ್ಗದ ವೈದ್ಯರು ಲಿಖಿತವಾಗಿಯೇ ತಿಳಿಸಿರುವುದರಿಂದ ಕುಶಲಪ್ರಶ್ನೆಯನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಇದನ್ನು ಖಾಸಗಿಯಾಗಿ ಬರೆಯಬಹುದಿತ್ತು; ಆದರೆ ತಾವು ಮಾಡಿದ್ದೆಲ್ಲ ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ. ಹಾಗಾಗಿ ನಮ್ಮಿಬ್ಬರ ವ್ಯವಹಾರವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಮಹಾಜನರಿಗೆ ತಿಳಿಯಲಿ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ.

ಕಳೆದ ವರ್ಷದ ದೀಪಾವಳಿಯ ನಂತರ ತಾವು ಲಯ ತಪ್ಪಲು ಆರಂಭಿಸಿದಿರಿ. ಒಂದು ಬಡಿತವನ್ನು ನುಂಗಿಬಿಡುವುದು, ನಾನು ಇನ್ನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಯಾರೋ ಮೊಣಕೈಯಿಂದ ತಿವಿದಂತೆ ದೊಡ್ಡದೊಂದು ಗುದ್ದು ಕೊಡುವುದು, ಬಳಿಕ ಏನೂ ನಡೆದೇ ಇಲ್ಲವೆಂಬ ಮುಖ ಹೊತ್ತು ಕೆಲಸ ಮುಂದುವರಿಸುವುದು: ಈ ಮೂರು ಹಂತಗಳಲ್ಲಿ ತಾವು ತೋರಿದ ನೈಪುಣ್ಯವನ್ನು ನನ್ನ ಹಿಂದಿನ ಬೆಂಚಿನ ಯಾವ ವಿದ್ಯಾರ್ಥಿಯೂ ತೋರಿದ್ದಿಲ್ಲ.

ವೈದ್ಯರು ಒಂದಿಡೀ ದಿನ ಎದೆಗೆ ಕಟ್ಟಿಕೊಂಡಿರಬೇಕಾದ ಯಂತ್ರವೊಂದನ್ನು ಕೊಟ್ಟು, "ಸಾರ್, ದಿನಾ ಹೇಗಿರ್ತೀರೋ ಹಾಗೇ ಇರಿ" ಎಂದು ಕಳಿಸಿದರು. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮೇಷ್ಟರಾದವನು ದಿನದಂತೆ ಇರುವುದುಂಟೇ? ಕಾಫಿ ಮುಟ್ಟಲಿಲ್ಲ, ಎಲೆಯಡಿಕೆಯ ತಟ್ಟೆಯನ್ನು ಒಳಗಿಡಿಸಿದೆ, ಮಧ್ಯಾಹ್ನ ನಿದ್ದೆ ಮಾಡಿದೆ, ಪತ್ರಿಕೆ ಓದಲಿಲ್ಲ. ತಾವಾದರೋ ಇನ್‌ಸ್ಪೆಕ್ಟರು ಬಂದ ದಿನದ ಏಳನೆಯ ತರಗತಿಯಂತೆ ಕೈಕಟ್ಟಿ ಕುಳಿತು, ಒಂದೇ ಒಂದು ಬಡಿತವನ್ನೂ ತಪ್ಪಿಸದೆ, ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದಿರಿ. ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ ತಮ್ಮ ಆ ಸದ್ವರ್ತನೆಗೆ ಅಭಿನಂದನೆಗಳು.

ವೈದ್ಯರು ಸಜ್ಜನರು. "ಹಾರ್ಟ್ ಗಟ್ಟಿಯಿದೆ ಸಾರ್, ಕೆಲವರಿಗೆ ಹೀಗಾಗುತ್ತೆ, ತಲೆ ಸುತ್ತಿದರೆ, ಎದೆ ನೋವು ಬಂದರೆ ಮಾತ್ರ ಓಡಿ ಬನ್ನಿ" ಎಂದರು. ಕಾಫಿ, ಕಡಕ್ ಚಹಾ, ಹೊಗೆಸೊಪ್ಪು, ನಿದ್ದೆಗೇಡು, ನೆಗಡಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆ, ಕೊನೆಯದಾಗಿ ಸಿಟ್ಟು, ಇವುಗಳಲ್ಲಿ ಯಾವುದು ತಮ್ಮನ್ನು ಕೆಣಕುತ್ತದೆಂದು ನಾನೇ ಗಮನಿಸಬೇಕಂತೆ. ಕೊಪ್ಪದ ಬಸ್ ನಿಲ್ದಾಣದ ಕಾಗುಣಿತ ತಪ್ಪಿದ ಫಲಕಗಳನ್ನು ದಿನವೂ ಓದುತ್ತ ಸಿಟ್ಟನ್ನು ಬಿಡುವುದು ಹೇಗೆಂದು ಅವರು ಹೇಳಲಿಲ್ಲ. ಕಾಫಿಯನ್ನು ಬಿಟ್ಟಿದ್ದೇನೆ. ಯಾರ ಮನೆಗೆ ಹೋಗಿ ಬೇಡವೆಂದರೂ, ನನಗೆ ಅವರ ಮೇಲೇನೋ ಮುನಿಸಿದೆಯೆಂದು ಆ ಮನೆಯವರು ನೊಂದುಕೊಳ್ಳುತ್ತಾರೆ. ತಮ್ಮ ದೆಸೆಯಿಂದ ಅರ್ಧ ಊರಿನ ವಿರಸವನ್ನು ಕಟ್ಟಿಕೊಂಡಿದ್ದೇನೆ.

ಇಷ್ಟನ್ನೂ ಸಹಿಸಿಯೇನು. ಸಹಿಸಲಾಗದ್ದು ಮುಂದಿನದು.

ಆಷಾಢದಲ್ಲಿ ನಮ್ಮ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯ ವೃಷಭೇಂದ್ರಪ್ಪನವರು ತೀರಿಕೊಂಡರು. ನನಗೂ ಅವರಿಗೂ ಇಪ್ಪತ್ತು ವರ್ಷ ಸರಿಬರಲಿಲ್ಲವೆಂಬುದು ಊರಿಗೇ ಗೊತ್ತು. ಸಂತಾಪ ಸಭೆಯಲ್ಲಿ ಸತ್ಯಕ್ಕೆ ಅಪಚಾರವಾಗದಂತೆ, "ಅವರು ಸಮಯಕ್ಕೆ ಸರಿಯಾಗಿ ಶಾಲೆಗೆ ಬರುತ್ತಿದ್ದರು" ಎಂಬ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ. "ಅವರು" ಎಂಬಲ್ಲಿಗೆ ಬಂದಾಗ ತಾವು ಒಂದನ್ನಲ್ಲ, ಸಾಲಾಗಿ ಮೂರು ಬಡಿತಗಳನ್ನು ನುಂಗಿದಿರಿ. ನನ್ನ ಕೈ ತಾನಾಗಿ ಎದೆಗೆ ಹೋಯಿತು, ಮಾತು ನಿಂತಿತು, ಕಣ್ಣಂಚು ಒದ್ದೆಯಾಯಿತು. ಸಭೆಯೇ ಕರಗಿತು. ಹಿಂದಿನ ಸಾಲಿನಿಂದ, "ಎಂತ ಮಾರಾಯ, ಕಲ್ಲು ಅಂತಿದ್ರಲ್ಲ ಈ ಮೇಷ್ಟ್ರನ್ನ! ನೋಡು, ಮಾತೇ ಹೊರಡ್ತಿಲ್ಲ" ಎಂದದ್ದು ಮೈಕಿನಲ್ಲಿ ನಿಂತ ನನಗೇ ಕೇಳಿಸಿತು.

ಅಂದಿನಿಂದ ಮೂರು ತಾಲ್ಲೂಕುಗಳಲ್ಲಿ ಯಾರು ತೀರಿಕೊಂಡರೂ ನನಗೆ ಕರೆ. ಅಡಿಕೆ ಮಂಡಿಯ ವೀರಪ್ಪನವರಂತೂ, "ನೀವೊಂದು ನಾಲ್ಕು ಮಾತು ಆಡಿ, ಆಗ್ದೇ ಇದ್ರೂ ಅಡ್ಡಿಲ್ಲ, ಸುಮ್ನೆ ನಿಂತ್ರೂ ಸಾಕು" ಎಂದು ತೀರಿಕೊಂಡ ಭಾವನ ಸಭೆಗೆ ಜೀಪನ್ನೇ ಕಳಿಸಿದರು. ಅಲ್ಲಿಯೂ ತಾವು ನಿರಾಸೆಗೊಳಿಸಲಿಲ್ಲ. ಒಂದು ಅಂಕವನ್ನೂ ಪುಕ್ಕಟೆ ಕೊಡದ ಮನುಷ್ಯನೆಂದು ಆಯುಷ್ಯವಿಡೀ ಗಳಿಸಿದ ಹೆಸರನ್ನು ತಾವು ಒಂದು ಮಳೆಗಾಲದಲ್ಲಿ ಕಳೆದುಬಿಟ್ಟಿರಿ.

ಹೋಗಲಿ, ಹೆಸರು ಹೋದರೆ ಹೋಯಿತು. ಆದರೆ ಕಳೆದ ತಿಂಗಳು ವಿಘ್ನೇಶ್ವರ ಹೋದ. ನಮ್ಮ ಶಾಲೆಯ ಡ್ರಿಲ್ ಮಾಸ್ತರ. ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೊಪ್ಪದಿಂದ ನರಸಿಂಹರಾಜಪುರದ ಶಾಲೆಗೆ ದಿನವೂ ನನ್ನೊಂದಿಗೆ ಹೋಗಿಬಂದವನು. ನನ್ನ ಸಿಟ್ಟು ಏರಿದಾಗಲೆಲ್ಲ ಕಿಸೆಯ ಸೀಟಿಯನ್ನು ಮೆಲ್ಲಗೆ ಊದಿ ನನ್ನನ್ನು ನಗಿಸುತ್ತಿದ್ದ ಒಬ್ಬನೇ ಮನುಷ್ಯ. ಅವನ ಸಭೆಯಲ್ಲಿ ತಾವೇನು ಮಾಡಿದಿರಿ? ಎಡ, ಬಲ, ಎಡ, ಬಲ! ಗಣರಾಜ್ಯೋತ್ಸವದ ಪಥಸಂಚಲನದಂತೆ, ಒಂದು ಹೆಜ್ಜೆ ತಪ್ಪದೆ ನಡೆದಿರಿ. ನಾನು ಕಂಬದ ಹಾಗೆ ನಿಂತು, ತಡವರಿಸದೆ ಮಾತು ಮುಗಿಸಿ ಕೆಳಗಿಳಿದೆ. ಕೈ ಎದೆಗೆ ಹೋಗುವುದನ್ನೇ ಕಾಯುತ್ತಿದ್ದ ಸಭೆ ಕಾದೂ ಕಾದೂ ಎದ್ದುಹೋಯಿತು. ಅವನ ಹೆಂಡತಿ ಸೀತಕ್ಕ ಬಾಗಿಲ ಬಳಿ ಕೈಮುಗಿದು, "ನಮ್ಮನೆಯೋರು ನಿಮಗೆ ಭಾಳ ಹತ್ರ ಅಂತ ತಿಳ್ಕಂಡಿದ್ದೆ ಮೇಷ್ಟ್ರೆ" ಎಂದಷ್ಟೇ ಹೇಳಿದರು.

ಮನೆಯಾಕೆ ಗಂಗಾಲಕ್ಷ್ಮಿಗೆ ಇದನ್ನು ಹೇಳಿದರೆ, "ಡ್ರಿಲ್ ಮಾಸ್ತರ್ ಎದುರಿಗೆ ಯಾರಾದ್ರೂ ಹೆಜ್ಜೆ ತಪ್ಪಿಸ್ತಾರಾ? ಸುಮ್ನಿರಿ" ಎಂದಳು. ತಮ್ಮ ಪರ ವಕಾಲತ್ತು ವಹಿಸುವವರಿಗೂ ಕೊರತೆಯಿಲ್ಲ.

ಬರುವ ಭಾನುವಾರ ಶಾಲೆಯಲ್ಲಿ ವಿಘ್ನೇಶ್ವರನ ಭಾವಚಿತ್ರದ ಅನಾವರಣ. ಸೀತಕ್ಕ ಮೊದಲ ಸಾಲಿನಲ್ಲಿ ಕುಳಿತಿರುತ್ತಾರೆ. ನನ್ನ ವ್ಯಾಕರಣಶುದ್ಧ ವಾಕ್ಯಗಳನ್ನು ಈಗ ಯಾರೂ ಆಲಿಸುವುದಿಲ್ಲ. ನನ್ನ ದುಃಖದ ಪ್ರಮಾಣಪತ್ರಕ್ಕೆ ರುಜು ಹಾಕುವ ಅಧಿಕಾರ ತಮ್ಮದೇ ಆಗಿದೆ. ಆದ್ದರಿಂದ ನನ್ನ ಪ್ರಾರ್ಥನೆ: ವೃಷಭೇಂದ್ರಪ್ಪನವರಿಗೆ ಅನ್ಯಾಯವಾಗಿ ಸಲ್ಲಿಸಿದ ಮೂರು ಬಡಿತಗಳನ್ನು ಅವರಿಂದ ಹಿಂಪಡೆದು, ಭಾನುವಾರ ಪರದೆ ಸರಿಯುವ ಹೊತ್ತಿಗೆ ವಿಘ್ನೇಶ್ವರನ ಹೆಸರಿಗೆ ವರ್ಗಾಯಿಸಬೇಕು. ಅದು ನಿಯಮಕ್ಕೆ ವಿರುದ್ಧವಾದರೆ ಒಂದಾದರೂ ಸಾಕು. ತಮ್ಮ ಅನುಕೂಲಕ್ಕಾಗಿ ಅಂದು ಬೆಳಿಗ್ಗೆ ಎರಡು ಲೋಟ ಗಟ್ಟಿ ಕಾಫಿ ಕುಡಿದು, ಹಿಂದಿನ ರಾತ್ರಿ ನಿದ್ದೆಗೆಟ್ಟು, ಬಸ್ ನಿಲ್ದಾಣದ ಎಲ್ಲ ಫಲಕಗಳನ್ನೂ ಒಂದು ಬಿಡದಂತೆ ಓದಿಕೊಂಡು ಬರಲು ಸಿದ್ಧನಿದ್ದೇನೆ.

ತಮ್ಮನ್ನು ನಂಬದೆ ಬೇರೆ ದಾರಿಯಿಲ್ಲದ,
ತಮ್ಮ ವಿಶ್ವಾಸಿ,
ಶಂಕರನಾರಾಯಣ

ತಾ.ಕ.: ಮೇಲೆ ಆ ಸೀಟಿಯ ವಿಷಯ ಬರೆಯುವಾಗ ತಾವು ಒಂದು ಬಡಿತವನ್ನು ನುಂಗಿದ್ದನ್ನು ಗಮನಿಸಿದ್ದೇನೆ. ಸಭೆಯಿಲ್ಲ, ಮೈಕಿಲ್ಲ, ಸೀತಕ್ಕನಿಲ್ಲ; ನನ್ನ ಕೈ ಎದೆಗೆ ಹೋದದ್ದನ್ನು ಕಂಡ ಗಂಗಾಲಕ್ಷ್ಮಿ, "ಎಂತ, ಕದ್ದು ಕಾಫಿ ಕುಡ್ದ್ರಾ?" ಎಂದು ಕೇಳಿದಳು. ಕುಡಿದಿರಲಿಲ್ಲ. ಗಂಟೆ ಹೊಡೆದ ಮೇಲೆ ಬರೆದ ಉತ್ತರಕ್ಕೆ ನಾನು ಯಾರಿಗೂ ಅಂಕ ಕೊಟ್ಟವನಲ್ಲ. ತಮಗೆ ಕೊಟ್ಟಿದ್ದೇನೆ. ಇದನ್ನು ಯಾರಿಗೂ ಹೇಳತಕ್ಕದ್ದಲ್ಲ.