ಬಗ್ಗಬೇಕಾಗಿದ್ದ ಕಂಬ

ಕಂಬದ ಪರೀಕ್ಷೆಯ ಹಿಂದಿನ ಸಂಜೆ ಟೀ ಕುಡಿಯುವಾಗ ಲೆಕ್ಕದ ಸಾರ್ ವೆಲ್ಡರಣ್ಣನೆದುರು ಬಾಯಿ ಬಿಟ್ಟದ್ದೇ ತಪ್ಪಾಯಿತು.

"ನಾಳೆ ಎಲ್ಲರ ಮುಂದೆ ನನ್ನ ಕಂಬ ಬಗ್ಗಿ ಹೋಗುತ್ತೆ, ನೋಡ್ತಿರು."

ವೆಲ್ಡರಣ್ಣ, ಅಯ್ಯೋ ಪಾಪ ಎನ್ನುವಂತೆ ಅವರ ಮುಖ ನೋಡಿದ.

ಲೆಕ್ಕದ ಸಾರ್ ಕಾರ್ಖಾನೆಯ ಎಂಜಿನಿಯರು. ನಾಲ್ಕು ಉಕ್ಕಿನ ತಗಡುಗಳನ್ನು ಬೆಸೆದು ಮಾಡುವ ಟೊಳ್ಳು ಪೆಟ್ಟಿಗೆ ಕಂಬ ಎಷ್ಟು ಭಾರಕ್ಕೆ ಮಣಿಯುತ್ತದೆಂದು ಹೇಳುವ ಸೂತ್ರವನ್ನು ವರ್ಷಗಟ್ಟಲೆ ತಲೆ ಕೆರೆದುಕೊಂಡು ಕಟ್ಟಿದ್ದರು. ಪರೀಕ್ಷೆಗೆಂದು ಒಂದೇ ಅಳತೆಯ ಎರಡು ಕಂಬ ತಯಾರಾಗುತ್ತಿದ್ದವು. ನೂರೆಂಬತ್ತು ಟನ್ನಿಗೆ ಸರಿಯಾಗಿ ಬಗ್ಗಿದರೆ ಸೂತ್ರ ಗೆದ್ದಂತೆ. ಮರುದಿನ ಬೆಳಿಗ್ಗೆ ಹೆಂಡತಿ ಕೂಡ ಬಾಗಿಲಿಗೆ ಬಂದು, "ಚೆನ್ನಾಗಿ ಬಗ್ಗಲಿ ರೀ," ಎಂದು ಹಾರೈಸಿ ಕಳಿಸಿದಳು.

ಯಂತ್ರದ ಸುತ್ತ ಸಂತೆಯಂತೆ ಜನ. ಗೋದಾಮು ಕಟ್ಟಿಸಲು ಕಂಬ ಕೊಳ್ಳಬಂದ ಗಿರಾಕಿಗಳೂ ಯಜಮಾನರ ಪಕ್ಕ ನಿಂತಿದ್ದರು. ಯಂತ್ರ ಮೊದಲ ಕಂಬದ ನೆತ್ತಿ ಒತ್ತತೊಡಗಿತು. ನೂರಾಯಿತು, ನೂರೆಂಬತ್ತೂ ದಾಟಿತು. ಕಂಬ ಫೋಟೋಕ್ಕೆ ನಿಂತ ಹೊಸ ಅಳಿಯನಂತೆ ನೆಟ್ಟಗಿತ್ತು.

"ಬಗ್ಗು ಮಹರಾಯ!" ಸಾರ್ ಗೋಗರೆದರು.

"ನೀವು ಹಾಗೆ ಗುರಾಯಿಸಿದ್ರೆ ಅದಕ್ಕೂ ನಾಚಿಕೆ ಆಗಲ್ವೇ? ಸ್ವಲ್ಪ ಆಚೆ ಹೋಗಿ," ಎಂದ ಗುಮಾಸ್ತ.

"ಎಲ್ಲೋ ಒಂದು ಸೊನ್ನೆ ಬಿಟ್ಟಿರ್ಬೇಕು," ಎಂದ ಉಗ್ರಾಣದವನು.

ಮುನ್ನೂರಕ್ಕೆ ಯಂತ್ರವೇ ಸುಸ್ತಾಗಿ ನಿಂತಿತು. ಗಿರಾಕಿಗಳು ಚಪ್ಪಾಳೆ ತಟ್ಟಿದರು. "ನಿಮ್ಮ ಸೂತ್ರ ನೆಗೆದುಬಿತ್ತಲ್ರೀ," ಎಂದು ಸಾರ್ ಕಿವಿಯಲ್ಲಿ ಉಸುರಿ, ಯಜಮಾನರು ಗಿರಾಕಿಗಳನ್ನು ಊಟಕ್ಕೆ ಕರೆದೊಯ್ದರು.

ಆಗ ವೆಲ್ಡರಣ್ಣ ಹಲ್ಲು ಕಿರಿಯುತ್ತ ಹತ್ತಿರ ಬಂದ. "ಹೆಂಗೆ ಸಾರ್? ಅಷ್ಟು ಜನದ ಮುಂದೆ ನಿಮ್ಮ ಮಾನ ಹೋಗಬಾರ್ದು ಅಂತ ಒಳಗಡೆ ಉದ್ದಕ್ಕೂ ದಪ್ಪ ಪಟ್ಟಿ ಕೂರಿಸಿ ಬೆಸೆದ್ಬಿಟ್ಟೆ. ಇನ್ನೊಂದು ಕಂಬಕ್ಕೆ ಮಾತ್ರ ಪಟ್ಟಿ ಸಾಕಾಗ್ಲಿಲ್ಲ, ಬೇಜಾರು ಮಾಡ್ಕೋಬೇಡಿ."

ಅವನಿಗೆ ಬಾರಿಸಬೇಕೋ ಅಪ್ಪಿಕೊಳ್ಳಬೇಕೋ ಸಾರ್‌ಗೆ ತಿಳಿಯಲಿಲ್ಲ. ಹಾಗಾದರೆ ಸೂತ್ರ ಇನ್ನೂ ಬದುಕಿದೆ!

"ಆ ಇನ್ನೊಂದನ್ನ ಏರಿಸ್ರೋ!"

ಯಂತ್ರದ ಮುಳ್ಳು ನೂರೆಂಬತ್ತು ಮುಟ್ಟಿತು. ಧಡ್! ಕಂಬದ ಒಂದು ಮುಖ ಸಿಟ್ಟಾದವರ ಕೆನ್ನೆಯಂತೆ ಉಬ್ಬಿತು, ಪಕ್ಕದ್ದು ಒಳಗೆ ತಗ್ಗಿತು, ಇಡೀ ಕಂಬ ಸೊಟ್ಟಗೆ ವಾಲಿತು. ಸಾರ್ ಕುಣಿದಾಡಿ ವೆಲ್ಡರಣ್ಣನನ್ನು ತಬ್ಬಿಕೊಂಡರು.

ಬಾಗಿಲಲ್ಲಿ, ಯಜಮಾನರ ಜೊತೆ ಊಟ ಮುಗಿಸಿ ಬಂದ ಗಿರಾಕಿಗಳು ಬೆಪ್ಪಾಗಿ ನಿಂತಿದ್ದರು.

"ಇದ್ಯಾರ ಕಂಬ?" ಎಂದರು ಹಿರಿಯ ಗಿರಾಕಿ.

"ನಂದೇ!" ಸಾರ್ ಎದೆಯುಬ್ಬಿಸಿದರು. "ಹೇಳಿದ ಭಾರಕ್ಕೇ ಹೋಯ್ತು ನೋಡಿ!"

"ಮತ್ತೆ ಆಗಿನ ಗಟ್ಟಿ ಕಂಬ?"

ಎಲ್ಲರೂ ವೆಲ್ಡರಣ್ಣನ ಕಡೆ ಬೆರಳು ತೋರಿಸಿದರು. ಹಿರಿಯ ಗಿರಾಕಿ ಯಜಮಾನರ ಕೈ ಕುಲುಕಿದರು.

"ಗೋದಾಮಿನ ಕಂಬವೆಲ್ಲ ನಿಮ್ಮಲ್ಲೇ ಮಾಡಿಸ್ತೀವಿ, ಈ ಅಣ್ಣನೇ ಬೆಸೆಯಲಿ. ಒಂದೇ ಷರತ್ತು. ಆ ಕುಣೀತಿರೋ ಸಾರ್ ಇದಾರಲ್ಲ, ಅವರು ಮಾತ್ರ ಲೆಕ್ಕ ಹಾಕಕೂಡದು!"