ಕಿರುಬೆರಳಿನ ಮೂರನೆಯ ಎಲುಬು

ಪಾದರಕ್ಷೆಗಳನ್ನು ಬಾಗಿಲಾಚೆ ಕಳಚಿ, ಕಾಲು ಮಡಿಚಿ ಕುಳಿತು ಕೇಳಿರಿ, ಎಲೈ ಸಜ್ಜನರೇ. ಸತ್ತವರ ಎಲುಬುಗಳಿಗೂ ದಾಖಲೆ ಪುಸ್ತಕದಲ್ಲಿ ಒಂದು ಸಾಲು ದೊರೆಯುವ ಈ ಪುಣ್ಯಯುಗದಲ್ಲಿ, ಧಾರವಾಡ ಸೀಮೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ, ಫಾರ್ಮಲಿನ್‌ಗಂಧಲೇಪಿತಗಾತ್ರನೂ, ಅಸ್ಥಿಸಹಸ್ರಪರಿಪಾಲಕನೂ, ಕಣ್ಣು ಮುಚ್ಚಿ ಮುಟ್ಟಿಯೇ ಎಡಗಾಲಿನ ಎಲುಬನ್ನು ಬಲಗಾಲಿನದರಿಂದ ಬೇರೆ ಮಾಡಬಲ್ಲವನೂ ಆದ ಗುರುಸಿದ್ದಪ್ಪನೆಂಬ ಅಟೆಂಡರನಿದ್ದನು. ಇಪ್ಪತ್ತೊಂಬತ್ತು ವರ್ಷಗಳ ಆತನ ಆಳ್ವಿಕೆಯಲ್ಲಿ ಒಂದು ಹಲ್ಲೂ ಕಳೆದಿರಲಿಲ್ಲ. ನಿವೃತ್ತಿಗೆ ಹನ್ನೆರಡು ದಿನ ಉಳಿದಿರಲು ಯುದ್ಧ ಒದಗಿತು.

ಎದುರಾಳಿ ಸಾಮಾನ್ಯನಲ್ಲ. ಪಟ್ಟಿಖಡ್ಗಧರ, ಕೆಂಪುಶಾಯಿಪ್ರಳಯರುದ್ರ, ಉಗ್ರಾಣಾಧಿಕಾರಿ ವಾಮನರಾವ ಕಟ್ಟಿ. ಗುರುಸಿದ್ದಪ್ಪನಿಂದ ಹೊಣೆ ಬಿಡಿಸಿಕೊಳ್ಳುವ ಮುನ್ನ ಎಲುಬಿನ ಸಕಲ ಪೆಟ್ಟಿಗೆಗಳನ್ನೂ ಎಣಿಸುತ್ತ ಬಂದ ಆತ ಏಳನೆಯದರ ಬಳಿ ನಿಂತುಬಿಟ್ಟನು. ಗೋಡೆಯ ಚಿತ್ರಪಟದ ಪ್ರಕಾರ ಪಾದವೊಂದಕ್ಕೆ ಇಪ್ಪತ್ತಾರು ಎಲುಬು. ಪೆಟ್ಟಿಗೆಯಲ್ಲಿದ್ದವು ಇಪ್ಪತ್ತೈದು. ಕಿರುಬೆರಳಿನಲ್ಲಿ ಮೂರಿರಬೇಕಾದಲ್ಲಿ ಎರಡೇ. ಕೂಡಲೇ ಆತ ಗುರುಸಿದ್ದಪ್ಪನ ಹೆಸರಿನ ಮುಂದೆ ನಾಲ್ಕಕ್ಷರದ ಘೋರಾಸ್ತ್ರವನ್ನು ಪ್ರಯೋಗಿಸಿದನು: ಕಳೆದಿದೆ.

ಅಂದು ನಮ್ಮ ವೀರನು ಮಧ್ಯಾಹ್ನದ ರೊಟ್ಟಿಯ ಗಂಟನ್ನು ಬಿಚ್ಚದೆಯೇ ಪಕ್ಕಕ್ಕಿಟ್ಟನು. ಸಾವಿರಾರು ವಿದ್ಯಾರ್ಥಿಗಳ ಕೈಗೆ ಎಲುಬು ಕೊಟ್ಟು, ಅಷ್ಟನ್ನೂ ಮರಳಿ ಎಣಿಸಿ ಪಡೆದವನು ಕಡೆಗೆ ಕಳೆದವನೆನಿಸಿಕೊಂಡು ಮನೆಗೆ ಹೋಗುವುದೇ? ಆ ಎಲುಬಿನ ಸತ್ಯ ಬಲ್ಲ ಅಂಗರಚನಾಶಾಸ್ತ್ರದ ಪ್ರೊಫೆಸರರು ಪರೀಕ್ಷೆಯ ಕೆಲಸಕ್ಕೆಂದು ಪರವೂರಿಗೆ ಹೋಗಿದ್ದರು. ಏಕಾಂಗಿಯಾಗಿಯೇ ಕಾದಬೇಕು.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಖಾಕಿಕವಚವನ್ನು ತೊಟ್ಟು, ವಿವಾದಾಸ್ಪದವಾದ ಆ ಬೆರಳತುದಿಯ ಎಲುಬನ್ನು ಅಂಗೈಯಲ್ಲಿ ಧರಿಸಿ, ಆತನು ಉಗ್ರಾಣದುರ್ಗವನ್ನು ಪ್ರವೇಶಿಸಿದನು. ತನ್ನ ಸೇವಾವರ್ಷಗಳನ್ನೂ, ತಾನು ತೊಳೆದೊಣಗಿಸಿದ ತಲೆಬುರುಡೆಗಳ ಸಂಖ್ಯೆಯನ್ನೂ ಸಾರಿದ ಬಳಿಕ ನುಡಿದನು:

"ಸಾಹೇಬರ, ಇದು ಕಳದಿಲ್ರಿ. ನಡುವಿನ ಎಲುಬು, ತುದೀದು ಎರಡೂ ಹುಟ್ಟಿನಿಂದನ ಕೂಡಿ ಒಂದ ಆಗ್ಯಾವ್ರಿ."

"ಚಿತ್ರದಾಗ ಮೂರು ಅವ, ಗುರುಸಿದ್ದಪ್ಪ. ಚಿತ್ರ ಸುಳ್ಳು ಹೇಳೂದಿಲ್ಲ."

"ಚಿತ್ರ ಒಬ್ಬಂದ್ರಿ, ಕಾಲು ಮಂದೀದು. ಭಾಳ ಮಂದಿ ಕಿರುಬೆರಳಾಗ ಎರಡ ಇರ್ತಾವ್ರಿ."

ವಾಮನರಾವ ಅಚಲನಾಗಿ ಕೆಂಪು ಪೆನ್ನನ್ನು ಹಿರಿದನು. ಆಗ ಗುರುಸಿದ್ದಪ್ಪನು ಬ್ರಹ್ಮಾಸ್ತ್ರವನ್ನು ತೊಟ್ಟನು. ಹೋದ ತಿಂಗಳು ಸಾಹೇಬರು ಪಾವಟಿಗೆಯ ಮೇಲೆ ಜಾರಿ ಬಿದ್ದಾಗ ಪಾದದ ಎಕ್ಸ್-ರೇ ತೆಗೆಸಿದ್ದರಲ್ಲ, ಅದನ್ನೊಮ್ಮೆ ನೋಡೋಣವೇ ಎಂದು ವಿನಯದಿಂದ ಕೇಳಿದನು.

ಕಪಾಟಿನಿಂದ ಫಿಲ್ಮು ಹೊರಬಂತು. ಇಬ್ಬರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಲ್ಲಿ ಎರಡು, ನಡುವಿನ ಬೆರಳುಗಳಲ್ಲಿ ಮೂರು ಮೂರು. ಕಿರುಬೆರಳಿಗೆ ಬಂದು ವಾಮನರಾವನ ಪೆನ್ನು ತಡವರಿಸಿತು. ಮತ್ತೆ ಎಣಿಸಿದನು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಣಿಸಿದನು. ಆಮೇಲೆ ಮೆಲ್ಲಗೆ ತನ್ನ ಬೂಟಿನ ಕಡೆ ನೋಡಿಕೊಂಡನು.

"ಅಂದ್ರ ನನಗೂ ಒಂದು ಕಡಿಮಿ ಅದ ಏನು?"

ಶತ್ರುವಿನ ಈ ಪ್ರಶ್ನೆ ಕೇಳಿ ಗುರುಸಿದ್ದಪ್ಪನ ಎದೆಯ ರೋಷವೆಲ್ಲ ಇಳಿದುಹೋಯಿತು.

"ಕಡಿಮಿ ಇಲ್ರಿ. ಕೂಡ್ಯಾವು, ಅಷ್ಟ."

ವಾಮನರಾವ ಆ ನಾಲ್ಕಕ್ಷರಗಳನ್ನು ಹೊಡೆದುಹಾಕಿ, 'ಎರಡು, ಸರಿಯಿದೆ' ಎಂದು ಬರೆದು ಸಹಿ ಮಾಡಿದನು. ದೇವದುಂದುಭಿ ಮೊಳಗಲಿಲ್ಲ. ಫ್ಯಾನು ಕಿರುಗುಟ್ಟಿತು. ವಿಜಯಶ್ರೀಸಮಾಲಿಂಗಿತನಾದ ಗುರುಸಿದ್ದಪ್ಪನು ಎದೆಯುಬ್ಬಿಸಿ, ಗಜಗಮನದಿಂದ ಹೊರಳಿದವನೇ ಕಬ್ಬಿಣದ ಕಪಾಟಿನ ಕಾಲಿಗೆ ತನ್ನ ಕಿರುಬೆರಳನ್ನು ಬಲವಾಗಿ ಬಡಿದುಕೊಂಡು ಅಲ್ಲೇ ಕುಸಿದು ಕುಳಿತನು.

ವಾಮನರಾವ ಓಡಿಬಂದು, ಒಂದು ಎಕ್ಸ್-ರೇ ತೆಗೆಸಿ ಎಣಿಸಿಬಿಡೋಣವೇ ಎಂದು ಆಸೆಯಿಂದ ಕೇಳಿದನು.

"ಬ್ಯಾಡ್ರಿ," ಎಂದು ಗುರುಸಿದ್ದಪ್ಪ ಬೆರಳು ಹಿಡಿದುಕೊಂಡು ಹೇಳಿದನು. "ಒಳಗ ಎಷ್ಟರ ಇರ್ಲಿ, ನೋವು ಪೂರಾ ಐತ್ರಿ."

ತೊಗರಿಕಾಳಿನಷ್ಟು ಎಲುಬಿಗಾಗಿ ನಡೆದ ಆ ಮಹಾಸಮರವು, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಕುಂಟುತ್ತ ಕ್ಯಾಂಟೀನಿಗೆ ಚಹಾ ಕುಡಿಯಲು ಹೋಗುವುದರೊಂದಿಗೆ ಮುಗಿಯಿತು.